ನಮ್ಮ ಸೀಮೆಯ ಬೀಡಿ ಮತ್ತು ರೊಟ್ಟಿ

ತಂಬಾಕು ನಮ್ಮ ಕಡೆಗೆ ಬಂದು ನಾಕುನೂರು ವರ್ಷದ ಮೇಲಾಯಿತು. ಪೋರ್ತುಗೀಜರು ಹಡಗಿನ್ಯಾಗ ತಂದರು. ಅಕ್ಬರ ಬಾದಶಹನ ದೂತ ಅಸದ್ ಬೇಗ 1604ರ ಸುಮಾರಿಗೆ ವಿಜಾಪುರಕ್ಕ ಬಂದಿದ್ದ. ಅಲ್ಲಿ ತಂಬಾಕು ಕಂಡು, ರತ್ನ ಕೂಡ್ರಿಸಿದ ಕೊಳವಿಯ ಸಂಗಾಟ ಆಗ್ರಾಕ್ಕ ಒಯ್ದ. ಬಾದಶಹ ಎರಡು ಮೂರು ದಮ್ಮು ಎಳೆದ; ವೈದ್ಯ ಬ್ಯಾಡೆಂದ. ಬ್ಯಾಡನ್ನಾಕ ಪಕ್ಕದಾಗ ವೈದ್ಯ ಇದ್ದದ್ದು ಅರಸರ ಭಾಗ್ಯ ನೋಡ್ರಿ.

ಬಡವರ ಕೈಗೆ ಬೀಡಿ ಬಂದದ್ದು ಬಹಳ ತಡವಾಗಿ. 1877ರಿಂದ ಸೋಲಾಪುರದಾಗ ಬಟ್ಟೆ ಗಿರಣಿ ನಡೆದವು. ಮುಂದೆ ಅದೇ ಊರಾಗ ಸಾವಿರಾರು ಹೆಣ್ಣುಮಕ್ಕಳು ಮನಿಯೊಳಗ ಕುಂತು ಬೀಡಿ ಕಟ್ಟಿದರು. ಅಲ್ಲಿಂದ ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗೆ ಕಟ್ಟುಗಟ್ಟಲೆ ಬಂತು.

ನಾನು ಸಣ್ಣವನಿದ್ದಾಗ ನಮ್ಮೂರ ಗೌಡರು ಸಿಗರೇಟ್ ಸೇದುತ್ತಿದ್ದರು, ನಮ್ಮಪ್ಪ ಬೀಡಿ. ಗೌಡರು ತುಪ್ಪ, ಹಾಲು, ಬಾಳೆಹಣ್ಣು ಎಲ್ಲ ಉಂಡ ಮ್ಯಾಲ ಹಚ್ಚುವರು. ಅಪ್ಪ ಉಣ್ಣೋ ಬದಲಿಗೆ ಹಚ್ಚುವನು. ಹೊಗೆ ಹಸಿವು ಕೊಲ್ಲುತ್ತದೆ, ಇದು ಕೂಲಿಯವರಿಗೆಲ್ಲ ಗೊತ್ತಿದ್ದ ಮಾತು.

1972ರ ಬರ ಮರೆಯೋದಲ್ಲ. ನನಗೆ ಹದಿನಾಲ್ಕು. ಏಳನೇತ್ತೆಗೆ ಸಾಲಿ ಬಿಟ್ಟು ಅಪ್ಪನ ಕೂಡ ಖಡಿ ಒಡಿಯೋ ಬರಗಾಲದ ಕೆಲಸಕ್ಕ ಹೋದೆ. ರೇಷನ್ನಿನ್ಯಾಗ ಕೆಂಪು ಮಿಲೋ ಜೋಳ, ಕೆಲಸದ ಜಾಗಾದಾಗ ಸುಕಡಿ. ಅಪ್ಪ ತನ್ನ ಪಾಲಿನ ಸುಕಡಿ ನನ್ನ ಕೈಗೆ ಹಾಕಿ, ಕಲ್ಲಿನ ನೆರಳಿಗೆ ಕುಂತು ಬೀಡಿ ಹಚ್ಚುತ್ತಿದ್ದ. "ನನಗ ಹಸಿವಿಲ್ಲೋ" ಅನ್ನುತ್ತಿದ್ದ. ನಾನು ನಂಬಿ ತಿಂದೆ.

ಅವ್ವ ಒಂದು ದಿನವೂ ಸೇದಲಿಲ್ಲ. ಆದರೆ ಬೀಡಿಯ ರೊಕ್ಕ ಹೋಗುತ್ತಿದ್ದದ್ದು ಬ್ಯಾಳಿ, ಎಣ್ಣೆಯ ರೊಕ್ಕದಾಗಿಂದ. ಎಲ್ಲರ ಹಿಂದೆ ಉಣ್ಣೋ ಅವ್ವನ ತಾಟಿನ್ಯಾಗ ಒಣರೊಟ್ಟಿ, ಖಾರ. ಅಪ್ಪನ ಬೀಡಿಗೆ ಅವಳೂ ಸವೆದಳು.

ಬರ ಮುಗಿದು ಕೆಲವು ವರ್ಷಕ್ಕೆ ಅಪ್ಪನಿಗೆ ಕ್ಷಯ ಬಂತು. ಹೊಗೆಯಿಂದ ಕೆಟ್ಟ ಪುಪ್ಪುಸ, ಅನ್ನ ಕಾಣದ ಮೈ, ಕ್ಷಯಕ್ಕ ಎರಡೂ ಬೇಕಾದವೇ. ಡಾಕ್ಟರು ಹಾಲು, ತತ್ತಿ ಕೊಡ್ರಿ ಅಂದರು. ನಮ್ಮ ಮನ್ಯಾಗ ಎಮ್ಮೆ ಇತ್ತು, ಖರೆ. ಸಾಲಕ್ಕಾಗಿ ಅದರ ಹಾಲೆಲ್ಲ ಪ್ಯಾಟಿಯ ಹೋಟೆಲಿಗೆ ಹೋಗುತ್ತಿತ್ತು. ಅಪ್ಪ ಐವತ್ತು ದಾಟಲಿಲ್ಲ. ಗೌಡರನ್ನೂ ಹೊಗೆ ಬಿಡಲಿಲ್ಲ, ಎದೆಬ್ಯಾನಿ ಬಂತು. ಆದರೆ ಸೋಲಾಪುರದ ದೊಡ್ಡ ಡಾಕ್ಟರು, ಪಥ್ಯದ ಊಟ, ಮಗ್ಗಲಿಗೆ ಆಳು, ಎಲ್ಲ ಇದ್ದದ್ದಕ್ಕೆ ಎಪ್ಪತ್ತೆಂಟರ ತನಕ ಬಾಳಿದರು.

ಇಷ್ಟು ನೋಡಿಯೂ ನಾನು ಸೇದಿದೆ. ಗೀಗೀ ಮೇಳದಾಗ ರಾತ್ರಿಯೆಲ್ಲ ಹಾಡಬೇಕು, ಊಟ ಎಂದೋ. ನಲವತ್ತರ ಮ್ಯಾಲ ಒಂದು ಜಾತ್ರ್ಯಾಗ ದನಿ ಏರಿಸಲು ಹೋದೆ, ಉಸಿರು ಅರ್ಧಕ್ಕೇ ನಿಂತಿತು. ಹಿಮ್ಮೇಳದವರು ಪದ ಎತ್ತಿಕೊಂಡು ನನ್ನ ಮಾನ ಉಳಿಸಿದರು. ಆ ವರ್ಷವೇ ಬಿಟ್ಟೆ. ಮ್ಯಾಲಿನ ದನಿ ತಿರುಗಿ ಬರಲಿಲ್ಲ.

2008ರ ಅಕ್ಟೋಬರ್ 2ರಿಂದ ಹತ್ತು ಮಂದಿ ಕೂಡೋ ಜಾಗಾದಾಗ ಸೇದಬಾರದು ಅಂತ ಸರ್ಕಾರ ಮಾಡಿತು. ಚಲೋ ಆಯಿತು. ಹೊಲದಾಗ ಯಾರು ನೋಡ್ತಾರ? ಈ ಸಲ ನಮ್ಮ ಕಬ್ಬು ಕಡಿಯಾಕ ಜತ್ತ ಕಡೆಯ ಗಂಡಹೆಂಡತಿ ಬಂದಿದ್ದರು. ನಸುಕಿನ್ಯಾಗ ಆ ಹುಡುಗ ಬೀಡಿ ಹಚ್ಚಿದ್ದ. "ಏನರೆ ತಿಂದಿಯೇನಪಾ?" ಅಂದೆ. "ಚಾ ಆಗೇದ ಕಾಕಾ, ಹಸಿವಿಲ್ಲ" ಅಂದ. ನನ್ನಾಕಿ ಎರಡು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಒಂದು ತಿಂದ. ಇನ್ನೊಂದನ್ನ ಅರಿವ್ಯಾಗ ಸುತ್ತಿ, ಆಚೆ ಕಬ್ಬಿನ ಹೊರೆ ಕಟ್ಟುತ್ತಿದ್ದ ಹೆಂಡತಿಯ ಹತ್ತಿರ ಒಯ್ದ.