ಠಾಣೆಯ ಶಿಲಾಹಾರರು: ಮಾಟುಂಗದ ಸುತ್ತಲಿನ ನೆಲವನ್ನಾಳಿದ ಕನ್ನಡ ಬಿರುದಿನ ಅರಸರು

ಮಾಟುಂಗದ ಕನ್ನಡ ಎಂದೊಡನೆ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, ಪಶ್ಚಿಮದ ಕಡೆಯ ಕರ್ನಾಟಕ ಸಂಘ, ಕಿಂಗ್ಸ್ ಸರ್ಕಲ್ಲಿನ ಉಡುಪಿ ಹೋಟೆಲುಗಳು ನೆನಪಿಗೆ ಬರುತ್ತವೆ. ಮುಂಬಯಿ ಕನ್ನಡಿಗರ ಕಥೆಯನ್ನು ನಾವು ಶುರುಮಾಡುವುದೂ ಅಲ್ಲಿಂದಲೇ. ಆದರೆ ಅದಕ್ಕೂ ಸಾವಿರ ವರ್ಷ ಮೊದಲು ಈ ದ್ವೀಪಗಳನ್ನು ಆಳುತ್ತಿದ್ದ ಅರಸುಮನೆತನವೊಂದು ಕನ್ನಡ ಬಿರುದುಗಳನ್ನು ಹೊತ್ತಿತ್ತು. ಅದು ಉತ್ತರ ಕೊಂಕಣದ ಶಿಲಾಹಾರರ ಮನೆತನ. ಸುಮಾರು ಕ್ರಿ.ಶ. 800ರಿಂದ 1265ರವರೆಗೆ, ನಾಲ್ಕೂವರೆ ಶತಮಾನ ಅವರು ಇಲ್ಲಿದ್ದರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಒಂದು ಸಾಲೂ ಸಿಗುವುದು ಕಷ್ಟ.

ಮೂರು ಶಾಖೆ, ಒಂದು ಮೂಲ

ಶಿಲಾಹಾರರಲ್ಲಿ ಮೂರು ಶಾಖೆಗಳು: ಠಾಣೆಯ ಉತ್ತರ ಕೊಂಕಣದವರು, ಗೋವೆಯ ಕಡೆಯ ದಕ್ಷಿಣ ಕೊಂಕಣದವರು, ಕೊಲ್ಲಾಪುರದವರು. ಮೂವರೂ ತಮ್ಮನ್ನು ಜೀಮೂತವಾಹನನ ವಂಶದವರೆಂದು ಕರೆದುಕೊಂಡರು. ನಾಗನೊಬ್ಬನನ್ನು ಉಳಿಸಲು ಬಂಡೆಯ ಮೇಲೆ ತನ್ನ ದೇಹವನ್ನೇ ಗರುಡನಿಗೆ ಒಪ್ಪಿಸಿದ ವಿದ್ಯಾಧರ ಅವನು. ಶಿಲಾಹಾರರ ಬಾವುಟದಲ್ಲಿ ಚಿನ್ನದ ಗರುಡ. ತಗರಪುರದ ಒಡೆಯರೆಂಬ ಬಿರುದೂ ಇವರಿಗೆ ಉಂಟು. ತಗರ ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್.

ಠಾಣೆಯವರ ಶಾಸನಗಳ ಭಾಷೆ ಸಂಸ್ಕೃತ. ಆ ಸಂಸ್ಕೃತದ ನಡುವೆ ‘ಗಂಡರಗಂಡ’, ‘ನನ್ನಿಸಮುದ್ರ’ದಂಥ ಬಿರುದುಗಳು ಕನ್ನಡದಲ್ಲೇ ಉಳಿದಿವೆ. ಇತಿಹಾಸಕಾರ ವಾ.ವಿ. ಮಿರಾಶಿಯವರು ಇವರ ಮೂಲ ಕನ್ನಡ ನಾಡೆಂದು ವಾದಿಸಲು ಇವು ಒಂದು ಮುಖ್ಯ ಆಧಾರ. ಕೊಲ್ಲಾಪುರದ ಶಾಖೆಯಂತೂ ಕನ್ನಡದಲ್ಲೇ ಧಾರಾಳವಾಗಿ ಶಾಸನ ಹಾಕಿಸಿತು.

ರಾಷ್ಟ್ರಕೂಟರ ನೆರಳಿನಲ್ಲಿ

ಮೊದಲನೆಯ ಅರಸ ಕಪರ್ದಿ. ಮುಮ್ಮಡಿ ಗೋವಿಂದನ ಕಾಲದಲ್ಲಿ ರಾಷ್ಟ್ರಕೂಟರ ಸಾಮಂತನಾಗಿ ಕೊಂಕಣಕ್ಕೆ ಬಂದವನು. ಅವನ ಹೆಸರಿನಿಂದಲೇ ಈ ನಾಡಿಗೆ ಕಪರ್ದಿದ್ವೀಪ, ಜನರ ಬಾಯಲ್ಲಿ ಕವಡಿದ್ವೀಪ ಎಂಬ ಹೆಸರಾಯಿತು. ಪುರಿ ಇವರ ರಾಜಧಾನಿ. ಅದು ಘಾರಾಪುರಿ, ಅಂದರೆ ಎಲಿಫೆಂಟಾ, ಎಂದು ಕೆಲವರೂ ಜಂಜಿರಾದ ಬಳಿಯ ರಾಜಪುರಿ ಎಂದು ಕೆಲವರೂ ಹೇಳುತ್ತಾರೆ. ಆಳ್ವಿಕೆಗೆ ಒಳಪಟ್ಟ ಹಳ್ಳಿಗಳನ್ನು ಶಾಸನಗಳು 1,400 ಎಂದು ಎಣಿಸುತ್ತವೆ. ಮುಂದೆ ಶ್ರೀಸ್ಥಾನಕ, ಅಂದರೆ ಠಾಣೆ, ಇವರ ಮುಖ್ಯ ಪಟ್ಟಣವಾಯಿತು.

ಕಪರ್ದಿಯ ಮಗ ಪುಲ್ಲಶಕ್ತಿಯ ಶಾಸನ ಬೋರಿವಲಿಯ ಕಾನ್ಹೇರಿ ಗುಹೆಗಳಲ್ಲಿದೆ, ಕಾಲ 843. ಅವನ ಮಗ ಇಮ್ಮಡಿ ಕಪರ್ದಿಯ ಕಾಲದ 853ರ ಮತ್ತು 877ರ ಬರಹಗಳೂ ಅಲ್ಲೇ ಇವೆ. ಇವುಗಳಲ್ಲಿ ಒಡೆಯನೆಂದು ಬರುವ ಹೆಸರು ಅಮೋಘವರ್ಷ. ಕವಿರಾಜಮಾರ್ಗ ರಚನೆಯಾದ ಆಸ್ಥಾನದ ಅಮೋಘವರ್ಷನೇ ಇವನು! ಮಾನ್ಯಖೇಟದಲ್ಲಿ ಕನ್ನಡದ ಮೊದಲ ಲಕ್ಷಣಗ್ರಂಥ ರೂಪುಗೊಳ್ಳುತ್ತಿದ್ದ ಕಾಲಕ್ಕೆ ಬೋರಿವಲಿಯ ಬೌದ್ಧ ಭಿಕ್ಷುಗಳಿಗೆ ಅದೇ ಚಕ್ರವರ್ತಿಯ ಹೆಸರಿನಲ್ಲಿ ದಾನ ಸಲ್ಲುತ್ತಿತ್ತು. ಒಮ್ಮೆ ದೂರದ ಗೌಡದೇಶದಿಂದ ಬಂದ ಭಕ್ತನೊಬ್ಬ 100 ದ್ರಮ್ಮ ಕೊಟ್ಟ. ಜಂಝನೆಂಬ ಅರಸನ ಕಾಲದಲ್ಲಿ, 916ರ ಹೊತ್ತಿಗೆ ಬಂದ ಅರಬ್ ಪ್ರವಾಸಿ ಅಲ್ ಮಸೂದಿ ಇಲ್ಲಿನ ಚೌಲ್ ಬಂದರಿನಲ್ಲಿ ಹತ್ತು ಸಾವಿರದಷ್ಟು ಮುಸಲ್ಮಾನರಿದ್ದರೆಂದು ಬರೆದಿದ್ದಾನೆ.

ಒಡೆಯನಿಲ್ಲದ ಸಾಮಂತ

973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಮುಗಿಸಿದ. ಆಮೇಲೆ ಇಲ್ಲಿ ಆಳಿದವನು ಅಪರಾಜಿತ. ಭಿವಂಡಿಯ ಬಳಿ ಭಾದಾಣದಲ್ಲಿ ಸಿಕ್ಕ 997ರ ಅವನ ತಾಮ್ರಪಟ ಇಡೀ ಮನೆತನದ ದಾಖಲೆಗಳಲ್ಲೇ ಅತ್ಯಂತ ಮನಕಲಕುವಂಥದ್ದು ಎಂದು ನನಗೆ ಅನ್ನಿಸುತ್ತದೆ. ಹಳೆಯ ಒಡೆಯರು ಹೋಗಿ 24 ವರ್ಷ ಕಳೆದಿದ್ದರೂ ಅವನು ರಾಷ್ಟ್ರಕೂಟರ ವಂಶಾವಳಿಯನ್ನು ಪೂರ್ತಿ ಹೇಳಿಸಿ, ಆ ರಾಜ್ಯ ಅಳಿದುದಕ್ಕೆ ದುಃಖಪಟ್ಟಿದ್ದಾನೆ. ಗೆದ್ದವನಿಗೆ ತಲೆಬಾಗಿ ಹೊಸ ಹೆಸರು ಬರೆಸುವುದು ಸಾಮಂತರ ವಾಡಿಕೆ. ಇವನು ಹಾಗೆ ಮಾಡಲಿಲ್ಲ.

ಸೆಂಟ್ರಲ್ ಲೈನಿನುದ್ದಕ್ಕೂ

ಮಾಟುಂಗದಿಂದ ಸೆಂಟ್ರಲ್ ಲೈನಿನ ಲೋಕಲ್ ಹಿಡಿದರೆ ಶಿಲಾಹಾರರ ನಾಡಿನ ನಡುವೆಯೇ ಹೋಗುತ್ತೇವೆ. ಭಾಂಡುಪದಲ್ಲಿ ಸಿಕ್ಕ 1026ರ ತಾಮ್ರಪಟ ಚಿತ್ತರಾಜನದು. ಷಟ್‌ಷಷ್ಟಿಯ, ಅಂದರೆ ಇಂದಿನ ಸಾಷ್ಟಿಯ, ನೌರ ಎಂಬ ಹಳ್ಳಿಯ ಹೊಲವನ್ನು ಆಮದೇವಯ್ಯನೆಂಬ ಬ್ರಾಹ್ಮಣನಿಗೆ ಕೊಟ್ಟ ದಾನಪತ್ರ ಇದು. ನೌರವೇ ಈಗಿನ ನಾಹೂರ್. ಆ ದಾನಪತ್ರದಲ್ಲಿ ಬರುವ ಅಧಿಕಾರಿಗಳ ಹೆಸರು ನೋಡಿ: ನಾಗಣಯ್ಯ, ಸೀಹಪಯ್ಯ. ಇನ್ನೊಬ್ಬ ಕಪರ್ದಿ, ಅವನ ಹುದ್ದೆ ಕರ್ಣಾಟ ಸಂಧಿವಿಗ್ರಹಿಕ. ಕರ್ನಾಟಕದ ವ್ಯವಹಾರಕ್ಕೆಂದೇ ಠಾಣೆಯಲ್ಲಿ ಬೇರೊಬ್ಬ ಮಂತ್ರಿ ಇದ್ದ ಎಂದಾಯಿತು. ಕಲ್ಯಾಣದ ಚಾಲುಕ್ಯರು, ಗೋವೆಯ ಕದಂಬರು ಬೆನ್ನಿಗೇ ಇದ್ದಾಗ ಆ ಹುದ್ದೆ ಬೇಕೇ ಬೇಕಿತ್ತು.

ಠಾಣೆಯಲ್ಲಿ 1787ರಲ್ಲಿ ಅಗೆಯುವಾಗ ಅರಿಕೇಸರಿಯ 1017ರ ಪಟಗಳು ಸಿಕ್ಕವು. ಮುಂದೆ ಅಂಬರನಾಥ: ಅಲ್ಲಿನ ಶಿವಾಲಯದ 1060ರ ಶಾಸನ ಮುಮ್ಮುಣಿಯದು. ಈ ಮುಮ್ಮುಣಿಯ ಕಥೆ ಧಾರವಾಡದ ಹತ್ತಿರದ ನರೇಂದ್ರದ ಕನ್ನಡ ಶಾಸನದಲ್ಲೂ ಬರುತ್ತದೆ. ಗೋವೆಯ ಕದಂಬ ಚಟ್ಟಯ್ಯದೇವ ಸಮುದ್ರಯಾನ ಹೊರಟಾಗ ‘ಠಾಣೆಯ ಮುಮ್ಮುರಿ’ ಎದುರುಗೊಂಡು ಅರಮನೆಗೆ ಕರೆದೊಯ್ದು, ಮಗಳನ್ನು ಧಾರೆಯೆರೆದು, ಅಳಿಯನಿಗೆ ಐದು ಲಕ್ಷ ಹೊನ್ನು ಕೊಟ್ಟನಂತೆ. ಹಾಡಿ ಹೊಗಳುವ ಶಾಸನದ ಮಾತಾದ್ದರಿಂದ ಹೊನ್ನಿನ ಲೆಕ್ಕವನ್ನು ಹಾಗೇ ನಂಬಬೇಕಿಲ್ಲ. ಬಲಿಷ್ಠ ನೆರೆಯವನನ್ನು ಅಳಿಯನನ್ನಾಗಿ ಮಾಡಿಕೊಂಡ ಜಾಣತನ ಮಾತ್ರ ಸ್ಪಷ್ಟ.

ಪರೇಲಿನ ಕಲ್ಲು

ಮಾಟುಂಗಕ್ಕೆ ತೀರ ಹತ್ತಿರದ ಗುರುತು ಪರೇಲಿನಲ್ಲಿ ಸಿಕ್ಕ 1187ರ ಶಾಸನ. ಇಮ್ಮಡಿ ಅಪರಾದಿತ್ಯ ಮಾಹುಲಿ ಗ್ರಾಮದ ಒಂದು ತೋಟದ ಉತ್ಪನ್ನದಲ್ಲಿ 24 ದ್ರಮ್ಮಗಳನ್ನು ವೈದ್ಯನಾಥ ದೇವರ ಪೂಜೆಗೆ ಬಿಟ್ಟ ದಾಖಲೆ ಇದು. ಮಾಹುಲಿಯನ್ನು ಕುರ್ಲಾದಾಚೆಯ ಮಾಹುಲ್ ಎಂದು ಗುರುತಿಸಿದ್ದಾರೆ. ದಾನಕ್ಕೆ ಅಡ್ಡಿಮಾಡುವವನ ತಾಯಿಗೆ ಕತ್ತೆಯ ಹೆಸರು ಹೇಳಿ ಶಾಪ ಹಾಕಿದ ಕೊನೆಯ ಸಾಲುಗಳು ಹಳೆಯ ಮರಾಠಿಯಲ್ಲಿವೆ. ಇಂಥ ಕಲ್ಲುಗಳನ್ನು ಮರಾಠಿಯಲ್ಲಿ ಗಧೇಗಳ್ ಎನ್ನುತ್ತಾರೆ. ದಾನ ಸಂಸ್ಕೃತದಲ್ಲಿ, ಬೆದರಿಕೆ ಊರ ಜನರ ಮಾತಿನಲ್ಲಿ, ಬಿರುದು ಕನ್ನಡದಲ್ಲಿ: ಹೀಗಿದ್ದ ಮನೆತನವನ್ನು ಕನ್ನಡದವರೋ ಮರಾಠಿಯವರೋ ಒಬ್ಬರೇ ತಮ್ಮದೆನ್ನುವುದು ನ್ಯಾಯವಲ್ಲ.

ಕಡಲಲ್ಲಿ ಕೊನೆ

ಕೊನೆಯ ಅರಸ ಸೋಮೇಶ್ವರ. ದೇವಗಿರಿಯ ಸೇವುಣ ಮಹಾದೇವ ದಂಡೆತ್ತಿ ಬಂದಾಗ ನೆಲದ ಮೇಲೆ ನಿಲ್ಲಲಾಗದೆ ಹಡಗು ಹತ್ತಿದ. ಸುಮಾರು 1265ರಲ್ಲಿ ಕಡಲಲ್ಲೇ ಮುಳುಗಿದ. ಸೇವುಣರ ಮಂತ್ರಿ ಹೇಮಾದ್ರಿ, ಮಹಾದೇವನ ಕೋಪಾಗ್ನಿಗಿಂತ ಕಡಲೊಳಗಿನ ಬೆಂಕಿಯೇ ಅವನಿಗೆ ಹಿತವಾಯಿತು ಎಂಬರ್ಥದಲ್ಲಿ ಬರೆದ. ಬೋರಿವಲಿ ಪಶ್ಚಿಮದ ಏಕ್ಸರ್‌ನಲ್ಲಿ ಸಾಲುಗಟ್ಟಿ ನಿಂತ ವೀರಗಲ್ಲುಗಳಲ್ಲಿ ಒಂದೇ ಕೂವೆಮರದ, ಹುಟ್ಟು ಹಾಕುತ್ತಿರುವ ಹಡಗುಗಳ ಕದನ ಕೆತ್ತಲಾಗಿದೆ. ಮೇಲಿನ ಪಟ್ಟಿಗಳಲ್ಲಿ ಸತ್ತ ವೀರರು ಶಿವನ ಸನ್ನಿಧಿ ಸೇರುತ್ತಾರೆ. ಹಲವು ವಿದ್ವಾಂಸರು ಇದು ಸೋಮೇಶ್ವರನ ಕಡೆಯ ಯುದ್ಧವೇ ಎನ್ನುತ್ತಾರೆ.

ಆಮೇಲೆ ಮಾಹಿಮಿನಲ್ಲಿ ಭೀಮದೇವನೆಂಬ ಅರಸ ರಾಜಧಾನಿ ಮಾಡಿದನೆಂದು ಮಾಹಿಕಾವತಿ ಬಖರ್ ಹೇಳುತ್ತದೆ. ಅವನ ಆನೆಗಳ ಲಾಯ ಇದ್ದ ಜಾಗವೇ ಮಾಟುಂಗ ಎಂಬುದು ಇಲ್ಲಿನವರು ಹೇಳಿಕೊಂಡು ಬಂದ ಮಾತು.