ಮೇವಿನ ಲೆಕ್ಕ: ಮುಂಬಯಿಯ ಎಮ್ಮೆ, ಹಾಲು ಮತ್ತು ಮಾಂಸದ ಚರಿತ್ರೆ

೧

ಕನ್ನಡದ ಪ್ರಾಚೀನ ಆಕರಗಳು ದನಕರುಗಳ ವಿಷಯದಲ್ಲಿ ಮೌನವಾಗಿಲ್ಲ. ತುರುಗೋಳಿನಲ್ಲಿ ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನ ಉದ್ದಗಲಕ್ಕೂ ನಿಂತಿವೆ. ೧೧ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ಕೃಷಿ, ಅಡುಗೆ, ವೈದ್ಯಗಳಂಥ ಲೋಕವ್ಯವಹಾರದ ವಿಷಯಗಳನ್ನು ಒಂದೆಡೆ ತಂದಿದೆ. ೧೨ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ಅರಸುಮನೆತನದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನೇ ರಚಿಸಿದನು, ಅದರಲ್ಲಿ ಮದ್ದು ಮಂತ್ರಗಳೆರಡೂ ಬೆರೆತಿವೆ. ಅದೇ ಮನೆತನದ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟದ ಭಾಗವಾಗಿ ಮಾಂಸದ ಅಡುಗೆಗಳ ವಿವರಗಳಿವೆ.

ಹೀಗೆ ದನದ ಅಪಹರಣ, ದನದ ರೋಗ, ಮಾಂಸದ ಪಾಕ ಎಂಬ ಮೂರು ನೆಲೆಗಳು ವಿದ್ವಾಂಸರಿಗೆ ಪರಿಚಿತವಾಗಿವೆ. ಇವುಗಳ ನಡುವೆ ಇರುವ ಮೇವಿನ ಪ್ರಶ್ನೆಗೆ ಮಾತ್ರ ಸಾಹಿತ್ಯ ಚರಿತ್ರೆಯ ಅಭ್ಯಾಸಿಗಳಾದ ನಾವು ಸಾಕಷ್ಟು ಗಮನ ಕೊಟ್ಟಿಲ್ಲ. ಪ್ರಾಣಿಗೆ ಏನು ತಿನ್ನಿಸಬೇಕು, ಎಷ್ಟು ದಿನ ತಿನ್ನಿಸಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬುದನ್ನು ಆಡಳಿತಗಳು ಬಹು ಹಿಂದೆಯೇ ಲೆಕ್ಕ ಹಾಕಿದ್ದವು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಗೋಧ್ಯಕ್ಷ ಪ್ರಕರಣದಲ್ಲಿ ಎತ್ತುಗಳಿಗೆ ಹುಲ್ಲು, ಹಿಂಡಿ, ತೌಡು, ಉಪ್ಪುಗಳ ಪ್ರಮಾಣವನ್ನು ತೂಕ ಸಹಿತ ನಿಗದಿಪಡಿಸಿರುವುದು ಇದಕ್ಕೆ ಸಾಕ್ಷಿ.

ಈ ಪ್ರಶ್ನೆಯನ್ನು ಮುಂಬಯಿ ನಗರದ ಕಳೆದ ಎರಡು ಶತಮಾನಗಳ ಅನುಭವಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಮುಂಬಯಿಯಲ್ಲಿ ದನವನ್ನಾಗಲಿ ಎಮ್ಮೆಯನ್ನಾಗಲಿ ಮಾಂಸಕ್ಕೆಂದು ಮೇಯಿಸಿ ಬೆಳೆಸಿದ ವ್ಯವಸ್ಥೆ ಬಲವಾಗಿ ಬೇರೂರಲೇ ಇಲ್ಲ. ಮೇವನ್ನು ನಿರ್ಧರಿಸಿದುದು ಹಾಲಿನ ಲೆಕ್ಕ. ಆ ಲೆಕ್ಕ ಮುಗಿದಲ್ಲಿ ಉಳಿದ ಶೇಷವೇ ಮಾಂಸ. ಆದುದರಿಂದ ಈ ನಗರದ ಮಾಂಸದ ಗುಣವನ್ನೂ ಬೆಲೆಯನ್ನೂ ಅರಿಯಬೇಕಾದರೆ ಕಸಾಯಿಖಾನೆಗಿಂತ ಮೊದಲು ಕೊಟ್ಟಿಗೆಯ ಬಾನಿಯನ್ನು ನೋಡಬೇಕಾಗುತ್ತದೆ.

೨

ನಗರದ ಸ್ಥಳನಾಮಗಳಲ್ಲಿಯೇ ಮೇವಿನ ನೆನಪು ಉಳಿದಿದೆ. ಗೋವಾಲಿಯಾ ಟ್ಯಾಂಕ್ ಎಂಬುದು ಗೋವಳರು ದನಗಳಿಗೆ ನೀರು ಕುಡಿಸುತ್ತಿದ್ದ ಕೆರೆಯ ಹೆಸರು. ಚರ್ನಿ ರೋಡ್ ಎಂಬ ಹೆಸರಿಗೆ ಪ್ರಚಲಿತವಿರುವ ವಿವರಣೆ ಇನ್ನೂ ಅರ್ಥಪೂರ್ಣವಾಗಿದೆ. ೧೮೩೮ರಲ್ಲಿ ಬ್ರಿಟಿಷ್ ಆಡಳಿತವು ಕೋಟೆಯ ಹೊರಗಿನ ಮೈದಾನದಲ್ಲಿ ದನ ಮೇಯಿಸುವುದಕ್ಕೆ ಶುಲ್ಕ ವಿಧಿಸಿತು. ಬಡ ಗೋಪಾಲಕರು ಅದನ್ನು ತೆರಲಾರದೆ ಹೋದಾಗ ಪಾರ್ಸಿ ವಣಿಕ ಸರ್ ಜಮಶೇಟ್‌ಜಿ ಜೀಜೀಭಾಯಿ ಅವರು ೨೦,೦೦೦ ರೂಪಾಯಿ ವ್ಯಯಿಸಿ ಠಾಕುರದ್ವಾರದ ಬಳಿ ಕಡಲ ತಡಿಯ ಹುಲ್ಲುಗಾವಲನ್ನು ಕೊಂಡು ಶುಲ್ಕವಿಲ್ಲದೆ ಮೇಯಲು ಬಿಟ್ಟರು. ಮರಾಠಿಯಲ್ಲಿ ‘ಚರಣೆ’ ಎಂದರೆ ಮೇಯುವುದು. ಅದರಿಂದ ‘ಚರ್ನಿ’ ಬಂದಿತೆಂಬುದು ರೂಢಿಯ ಮಾತು. ಬೇರೆ ನಿಷ್ಪತ್ತಿಯನ್ನು ಸೂಚಿಸುವವರೂ ಇದ್ದಾರೆ. ಹೆಸರಿನ ಮೂಲ ಏನೇ ಇರಲಿ, ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಗೋಮಾಳ, ಹುಲ್ಲುಬನ್ನಿ, ಕಾವಲು ಎಂಬ ಮಾತುಗಳ ಹಿಂದೆ ಇರುವ ‘ಊರಿನ ಹುಲ್ಲು’ ಎಂಬ ಕಲ್ಪನೆ ಅಲ್ಲಿ ಮುರಿದುಬಿದ್ದಿತು. ಹುಲ್ಲಿಗೆ ಬೆಲೆ ಬಂದಿತು; ಆ ಬೆಲೆಯನ್ನು ಮೊದಲು ತೆತ್ತದ್ದು ದಾನ.

ದಾನವು ನಗರದ ಬೆಳವಣಿಗೆಗೆ ಸರಿಸಾಟಿಯಾಗಲಾರದು. ಗಿರಣಿಗಳು ಹೆಚ್ಚಿದಂತೆ, ಜನ ತುಂಬಿದಂತೆ, ಮೇಯುವ ನೆಲ ಕಟ್ಟಡಗಳ ಅಡಿಗೆ ಹೋಯಿತು. ದನಗಳು ಗೊಂತಿಗೆ ಬಂದವು. ತಬೇಲಾ ಎಂಬ ಮುಂಬಯಿಯ ವಿಶಿಷ್ಟ ಸಂಸ್ಥೆ ಬೆಳೆದುದು ಹೀಗೆ. ಗುಜರಾತಿನ ಜಾಫರಾಬಾದಿ, ಮೆಹಸಾಣಾ, ಸುರತಿ ತಳಿಗಳು, ಉತ್ತರದ ಮುರ್ರಾ ತಳಿ ಇಲ್ಲಿ ಸಾಲುಗಟ್ಟಿ ನಿಂತವು. ಅವು ಮೇಯಲಿಲ್ಲ, ಅವುಗಳಿಗೆ ಮೇವನ್ನು ಕೊಂಡು ಹಾಕಲಾಯಿತು. ಒಣಹುಲ್ಲು, ಹತ್ತಿಬೀಜದ ಹಿಂಡಿ, ಶೇಂಗಾ ಹಿಂಡಿ, ಗೋಧಿಯ ಬೂಸಾ, ತೊಗರಿಯ ಹೊಟ್ಟು ಇವು ಅಲ್ಲಿಯ ಆಹಾರ. ಹತ್ತಿಯ ಅರಳೆ ಗಿರಣಿಗೆ ಹೋದರೆ ಅದರ ಬೀಜ ಹಿಂಡಿಯಾಗಿ ಎಮ್ಮೆಯ ಬಾನಿಗೆ ಬಂದಿತು. ಎಮ್ಮೆಯ ಹಾಲಿನಲ್ಲಿ ಜಿಡ್ಡು ನೂರಕ್ಕೆ ಸುಮಾರು ಏಳರಷ್ಟು. ನೀರು ಬೆರೆಸಿದರೂ ಚಹಾ ಬಿಳುಪಾಗುತ್ತದೆ. ಈ ಹಾಲಿಗೆ ಗಿರಾಕಿಗಳಾದವರಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೋಗಿ ಮಾಟುಂಗ, ಫೋರ್ಟ್ ಮುಂತಾದೆಡೆ ಹೋಟೆಲು ತೆರೆದ ನಮ್ಮವರೂ ಸೇರಿದ್ದರು ಎಂಬುದನ್ನು ಮರೆಯಬಾರದು. ಶಾಕಾಹಾರಿ ಹೋಟೆಲಿನ ಕಾಫಿ ಚಹಾಗಳು ಕೂಡ ಮುಂದೆ ವಿವರಿಸಲಿರುವ ಲೆಕ್ಕದೊಳಗಿನ ಒಂದು ಬಾಬತ್ತೇ ಆಗಿದ್ದವು.

೩

ಕೊಂಡು ಹಾಕುವ ಹುಲ್ಲು ಎಲ್ಲಿಂದಲೋ ಬರಲೇಬೇಕಷ್ಟೆ. ಮುಂಬಯಿಗೆ ಅದು ಮುಖ್ಯವಾಗಿ ಉತ್ತರದ ಠಾಣೆ ಜಿಲ್ಲೆಯಿಂದ, ಅಂದರೆ ಇಂದಿನ ಪಾಲಘರ್ ಜಿಲ್ಲೆಯನ್ನೊಳಗೊಂಡ ಪ್ರದೇಶದಿಂದ, ಬರುತ್ತಿತ್ತು. ಮಳೆಗಾಲ ಮುಗಿದ ಮೇಲೆ ಅಲ್ಲಿಯ ಜಮೀನುದಾರರ ನೆಲದಲ್ಲಿ ಆಳೆತ್ತರ ಬೆಳೆದ ಹುಲ್ಲನ್ನು ಕೊಯ್ದು, ಒಣಗಿಸಿ, ಕಟ್ಟಿ ನಗರಕ್ಕೆ ಸಾಗಿಸುತ್ತಿದ್ದರು. ಕೊಯ್ಯುತ್ತಿದ್ದವರು ವಾರಲಿ ಆದಿವಾಸಿಗಳು. ಅನೇಕರು ಸಾಲದ ಕಾರಣದಿಂದ ಜೀತಕ್ಕೆ ಒಳಗಾದವರು. ೧೯೪೫ರಲ್ಲಿ ಕಿಸಾನ್ ಸಭೆಯ ಶಾಮರಾವ್ ಪರುಳೇಕರ್ ಮತ್ತು ಗೋದಾವರಿ ಪರುಳೇಕರ್ ಅವರ ನಾಯಕತ್ವದಲ್ಲಿ ಉಂಬರ್ಗಾವ್, ಡಹಾಣು ತಾಲೂಕುಗಳ ವಾರಲಿಗಳು ಎದ್ದು ನಿಂತರು. ಆ ವರ್ಷದ ಹುಲ್ಲುಕೊಯ್ಲಿನ ಕಾಲದಲ್ಲಿ ಅವರು ಮುಂದಿಟ್ಟ ಬೇಡಿಕೆ ೫೦೦ ಪೌಂಡು ಹುಲ್ಲು ಕೊಯ್ದುದಕ್ಕೆ ೨ ರೂಪಾಯಿ ೮ ಆಣೆ ಕೂಲಿ ಎಂಬುದಾಗಿತ್ತು. ಅಕ್ಟೋಬರ್ ೧೦ರಂದು ತಲವಾಡಾ ಎಂಬಲ್ಲಿ ನೆರೆದಿದ್ದ ವಾರಲಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು, ಐವರು ಮಡಿದರು. ಗೋದಾವರಿ ಪರುಳೇಕರ್ ಅವರು ಈ ಹೋರಾಟವನ್ನು ಕುರಿತು ಮರಾಠಿಯಲ್ಲಿ ಬರೆದ ‘ಜೇವ್ಹಾ ಮಾಣೂಸ ಜಾಗಾ ಹೋತೋ’ ಕೃತಿಗೆ ೧೯೭೨ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಈ ಘಟನೆಯನ್ನು ಸಾಮಾನ್ಯವಾಗಿ ರೈತ ಚಳವಳಿಯ ಚರಿತ್ರೆಯಲ್ಲಿ ಸೇರಿಸಿ ಓದುತ್ತೇವೆ. ಅದು ಮೇವಿನ ಚರಿತ್ರೆಯೂ ಹೌದು. ನಮ್ಮ ಶಾಸನಗಳಲ್ಲಿ ತುರುವಿಗಾಗಿ ಸತ್ತವರಿಗೆ ಕಲ್ಲು ನಿಲ್ಲಿಸಿದ್ದಾರೆ. ತಲವಾಡಾದವರು ತುರುವಿಗಾಗಿ ಅಲ್ಲ, ತುರು ತಿನ್ನುವ ಹುಲ್ಲಿನ ಕೂಲಿಗಾಗಿ ನಡೆದ ಹೋರಾಟದಲ್ಲಿ ಸತ್ತರು. ನಗರದಲ್ಲಿ ಹಾಲು ಎಷ್ಟಕ್ಕೆ ಮಾರಾಟವಾಗಬೇಕು ಎಂಬ ಲೆಕ್ಕದ ಒಂದು ತುದಿ ಅಲ್ಲಿತ್ತು.

೪

ಲೆಕ್ಕದ ಇನ್ನೊಂದು ತುದಿ ಇರುವುದು ಪ್ರಾಣಿಯ ದೇಹದಲ್ಲಿ. ಎಮ್ಮೆಯ ಗರ್ಭಾವಧಿ ಸುಮಾರು ಹತ್ತು ತಿಂಗಳು. ಈದ ಮೇಲೆ ಹೆಚ್ಚುಕಡಿಮೆ ಹತ್ತು ತಿಂಗಳು ಹಾಲು ಕೊಟ್ಟು ಬತ್ತುತ್ತದೆ. ಮುಂದಿನ ಈತಿನವರೆಗೆ ಐದಾರು ತಿಂಗಳು ಬರಿದೇ ತಿನ್ನುತ್ತದೆ. ಐದುನೂರು ಕಿಲೋ ತೂಕದ ಎಮ್ಮೆಗೆ ದಿನಕ್ಕೆ ಹತ್ತು ಕಿಲೋಗಿಂತ ಕಡಿಮೆಯಿಲ್ಲದಷ್ಟು ಒಣಮೇವು ಬೇಕೆಂದರೆ ನೂರೈವತ್ತು ದಿನಗಳಿಗೆ ಒಂದೂವರೆ ಟನ್ನು ಬೇಕು. ಹಳ್ಳಿಯಲ್ಲಿ ಈ ಒಂದೂವರೆ ಟನ್ನು ಹೊಲದ ಹುಲ್ಲು, ಜೋಳದ ಸೊಪ್ಪೆ, ಬದುವಿನ ಮೇವುಗಳಲ್ಲಿ ಕರಗಿಹೋಗುತ್ತದೆ. ರೈತನು ಅದಕ್ಕೆ ಹಣ ಎಣಿಸುವುದಿಲ್ಲ. ಮುಂಬಯಿಯಲ್ಲಿ ಪ್ರತಿಯೊಂದು ಕಟ್ಟನ್ನೂ ಕೊಳ್ಳಬೇಕು. ಎಮ್ಮೆ ನಿಂತ ಜಾಗಕ್ಕೂ ಬಾಡಿಗೆ ತೆರಬೇಕು. ಹೀಗಾಗಿ ಬತ್ತಿದ ಎಮ್ಮೆಯನ್ನು ಕಾಯುವುದಕ್ಕಿಂತ ಮಾರಿ, ಹೊಸದಾಗಿ ಈದ ಎಮ್ಮೆಯನ್ನು ತರುವುದು ತಬೇಲಾದವನಿಗೆ ಅಗ್ಗವಾಯಿತು. ಗಬ್ಬವಾಗಬಲ್ಲ, ಇನ್ನೂ ಹಲವು ಸಲ ಈಯಬಲ್ಲ ಉತ್ತಮ ತಳಿಯ ಎಮ್ಮೆಗಳು ಒಂದೇ ಕರಾವಿನ ಬಳಿಕ ಕಸಾಯಿಖಾನೆಗೆ ಸೇರಿದವು. ಈ ನಷ್ಟವನ್ನು ಆನಂದದ ಸಹಕಾರಿ ಚಳವಳಿಯ ನಾಯಕರು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ.

ಕರುವಿನ ಗತಿ ಇನ್ನೂ ಕಠಿಣ. ಹುಟ್ಟುವಾಗ ಮೂವತ್ತು ಕಿಲೋ ಆಸುಪಾಸು ತೂಗುವ ಕರುವಿಗೆ ದಿನಕ್ಕೆ ಮೂರು ಲೀಟರಿನಷ್ಟು ಹಾಲು ಬೇಕು. ಮೂರು ತಿಂಗಳಿಗೆ ಅದು ಸುಮಾರು ೨೭೦ ಲೀಟರು. ಅಷ್ಟೂ ಮಾರಬಹುದಾದ ಹಾಲು. ಗಂಡುಕರುವಿನಿಂದ ತಬೇಲಾಕ್ಕೆ ಪ್ರತಿಫಲವಿಲ್ಲ. ಗಿಣ್ಣುಹಾಲಿಗೂ ಗತಿಯಿಲ್ಲದೆ ಕೆಲವೇ ದಿನಗಳಲ್ಲಿ ಸಾಯುವುದು ಅವುಗಳ ಪಾಡಾಯಿತು. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದಿಟ್ಟು ಹಾಲು ಕರೆಯುವ ರೂಢಿ ಇದರ ಫಲವಾಗಿತ್ತು. ಕರುವಿಗೆ ಸಿಗದ ಹುಲ್ಲು ಅದರ ತೊಗಲಿಗೆ ಸಿಕ್ಕಿತು.

ಇಲ್ಲಿಯೇ ಮೇವಿಗೂ ಮಾಂಸಕ್ಕೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ. ಪಶುವಿಜ್ಞಾನದ ಪ್ರಕಾರ ಗಂಡುಕರುವಿಗೆ ಹಾಲು, ಹಸಿರು, ಹಿಂಡಿಗಳನ್ನು ಸರಿಯಾಗಿ ಕೊಟ್ಟರೆ ಅದು ದಿನಕ್ಕೆ ಅರ್ಧ ಕಿಲೋಗೂ ಮೀರಿ ಬೆಳೆಯಬಲ್ಲದು. ಎರಡು ವರ್ಷದೊಳಗಿನ ಅದರ ಮಾಂಸ ಮೃದುವಾಗಿಯೂ ಇರುತ್ತದೆ. ಕಾಳು ಹಿಂಡಿಗಳು ಬೆಳವಣಿಗೆಯನ್ನು ತ್ವರಿತಗೊಳಿಸುತ್ತವೆ. ಆದರೆ ನಾರಿಲ್ಲದೆ ಕಾಳೇ ಅತಿಯಾದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ರೋಗ ತಗಲುತ್ತದೆ. ಅಮೆರಿಕದ ದೊಡ್ಡ ದನದ ಕೇಂದ್ರಗಳಲ್ಲಿ ಕೊನೆಯ ತಿಂಗಳುಗಳಲ್ಲಿ ಮೆಕ್ಕೆಜೋಳ ತಿನ್ನಿಸಿ ಸ್ನಾಯುವಿನ ನಡುವೆ ಕೊಬ್ಬು ಹರಡುವಂತೆ ಮಾಡುತ್ತಾರೆ, ಏಕೆಂದರೆ ಅಲ್ಲಿಯ ಮಾರುಕಟ್ಟೆ ಆ ಕೊಬ್ಬಿಗೆ ಬೆಲೆ ಕೊಡುತ್ತದೆ. ಮುಂಬಯಿಯ ಮಾರುಕಟ್ಟೆಗೆ ಬಂದುದು ಬೆಳೆದು ಬತ್ತಿದ ಎಮ್ಮೆ ಅಥವಾ ದುಡಿದು ಸವೆದ ಎತ್ತು. ವಯಸ್ಸಾದಂತೆ ಸ್ನಾಯುವಿನ ಬಂಧಕ ಅಂಗಾಂಶ ಗಟ್ಟಿಯಾಗುತ್ತದೆ. ಕೊನೆಯ ಎರಡು ತಿಂಗಳು ಹಿಂಡಿ ತಿನ್ನಿಸಿದರೆ ತೂಕ ಕೂಡೀತೇ ಹೊರತು ಆ ಗಡಸು ಹೋಗದು. ಹಸಿದು, ದೂರ ಸಾಗಿ ಬಳಲಿದ ಪ್ರಾಣಿಯ ಸ್ನಾಯುವಿನಲ್ಲಿ ಶರ್ಕರದ ಸಂಚಯ ತೀರಿರುತ್ತದೆ. ಅಂಥ ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ. ಇಂಥ ಮಾಂಸ ಬಡವರ ಅಗ್ಗದ ಆಹಾರವಾಯಿತು. ಅಗ್ಗವಾದುದರಿಂದ ಅದಕ್ಕಾಗಿ ಯಾರೂ ಮೇವು ಹಾಕಲಿಲ್ಲ. ಮೇವು ಹಾಕದ್ದರಿಂದ ಅದು ಅಗ್ಗವಾಗಿಯೇ ಉಳಿಯಿತು.

೫

ಈ ವರ್ತುಲವನ್ನು ಒಡೆಯುವ ಯತ್ನಗಳು ನಡೆಯಲಿಲ್ಲವೆಂದಲ್ಲ. ೧೯೪೯ರಲ್ಲಿ ದಾರಾ ಖುರೋಡಿ ಅವರ ಮುತುವರ್ಜಿಯಿಂದ ಗೋರೆಗಾಂವಿನಲ್ಲಿ ಆರೇ ಹಾಲಿನ ಕಾಲನಿ ಸ್ಥಾಪಿತವಾಯಿತು. ನಗರದೊಳಗಿನ ಎಮ್ಮೆಗಳನ್ನು ಅಲ್ಲಿಗೆ ಸಾಗಿಸಿ, ೩೨ ಘಟಕಗಳಲ್ಲಿ ಸುಮಾರು ೧೬,೦೦೦ ಪ್ರಾಣಿಗಳನ್ನು ಇರಿಸಿ, ಹಸಿರು ಮೇವನ್ನೂ ಅಲ್ಲಿಯೇ ಬೆಳೆಯಲಾಯಿತು. ಇದು ಕೊಟ್ಟಿಗೆಯ ಕೊಳೆಯನ್ನು ನಿವಾರಿಸಿತಾದರೂ ಬತ್ತಿದ ಎಮ್ಮೆಯ ಲೆಕ್ಕವನ್ನು ಬಗೆಹರಿಸಲಿಲ್ಲ. ಅದಕ್ಕೆ ನಿಜವಾದ ಉತ್ತರ ಕೊಟ್ಟುದು ೧೯೪೬ರಲ್ಲಿ ಆರಂಭವಾದ ಖೇಡಾ ಜಿಲ್ಲೆಯ ಸಹಕಾರ ಸಂಘ. ಹುಲ್ಲನ್ನು ನಗರಕ್ಕೆ ತರುವ ಬದಲು ಹಾಲನ್ನು ತಂದರೆ ಎಮ್ಮೆ ಹಳ್ಳಿಯಲ್ಲಿಯೇ ಉಳಿಯುತ್ತದೆ, ಬತ್ತಿದ ದಿನಗಳನ್ನು ಹೊಲದ ಹುಲ್ಲು ಭರಿಸುತ್ತದೆ ಎಂಬುದು ಅದರ ಸರಳ ತತ್ತ್ವ. ತಬೇಲಾಗಳು ಆದರೂ ಅಳಿಯಲಿಲ್ಲ. ಕಣ್ಣೆದುರು ಕರೆದ ಹಾಲಿನ ಮೇಲಿನ ನಂಬಿಕೆ ಅವನ್ನು ಉಳಿಸಿತು. ಬಾಂದ್ರಾದಲ್ಲಿದ್ದ ಕಸಾಯಿಖಾನೆಯ ಸ್ಥಾನದಲ್ಲಿ ೧೯೭೧ರಲ್ಲಿ ದೇವನಾರ್ ಕಸಾಯಿಖಾನೆ ಬಂದಿತು. ಲೆಕ್ಕ ಮಾತ್ರ ಹಳೆಯದೇ.

ನ್ಯಾಯಾಲಯಗಳಲ್ಲಿಯೂ ವಾದದ ತಿರುಳು ಮೇವೇ ಆಗಿತ್ತು. ೧೯೫೮ರ ಮಹಮ್ಮದ್ ಹನೀಫ್ ಖುರೇಶಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಸು ಮತ್ತು ಕರುಗಳ ವಧೆಯ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಉಪಯೋಗ ಕಳೆದ ಎತ್ತು ಎಮ್ಮೆಗಳನ್ನು ಉಳಿಸಿಕೊಳ್ಳುವುದು ಉಪಯುಕ್ತ ದನಗಳ ಮೇವಿಗೆ ಕುತ್ತೆಂದು ಪರಿಗಣಿಸಿ ಅವುಗಳ ವಧೆಯ ಪೂರ್ಣ ನಿಷೇಧವನ್ನು ಒಪ್ಪಲಿಲ್ಲ. ೨೦೦೫ರಲ್ಲಿ ಗುಜರಾತಿನ ಪ್ರಕರಣದಲ್ಲಿ ಏಳು ನ್ಯಾಯಾಧೀಶರ ಪೀಠವು ಬಹುಮತದಿಂದ ಬೇರೆ ನಿಲುವು ತಳೆಯಿತು. ಮುದಿ ಎತ್ತಿನ ಸಗಣಿ ಗಂಜಲಗಳಿಗೂ ಬೆಲೆಯಿದೆಯೆಂದಿತು. ಮಹಾರಾಷ್ಟ್ರದಲ್ಲಿ ಹಸುವಿನ ವಧೆಯನ್ನು ೧೯೭೬ರ ಕಾಯಿದೆ ನಿಷೇಧಿಸಿತ್ತು. ಹೋರಿ ಎತ್ತುಗಳಿಗೂ ಅದನ್ನು ವಿಸ್ತರಿಸಿದ ತಿದ್ದುಪಡಿ ೨೦೧೫ರಲ್ಲಿ ಜಾರಿಗೆ ಬಂದಿತು. ೨೦೧೬ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಈ ನಿಷೇಧವನ್ನು ಎತ್ತಿಹಿಡಿದು, ಹೊರರಾಜ್ಯದಲ್ಲಿ ವಧಿಸಿದ ಪ್ರಾಣಿಯ ಮಾಂಸವನ್ನು ಹೊಂದಿರುವುದನ್ನು ಅಪರಾಧವೆಂದ ಭಾಗವನ್ನು ತಳ್ಳಿಹಾಕಿತು. ಎಮ್ಮೆ ಕೋಣಗಳು ಈ ನಿಷೇಧದ ಹೊರಗೆ ಉಳಿದವು. ಎತ್ತಿನ ವಧೆ ನಿಂತುದರಿಂದ ಮಾಂಸದ ಬೇಡಿಕೆಯೆಲ್ಲ ಎಮ್ಮೆಯ ಮೇಲೆ ಬಿದ್ದಿತು. ಅತ್ತ ದುಡಿಯಲಾರದ ಎತ್ತಿನ ಮೇವಿನ ವೆಚ್ಚ ರೈತನ ಪಾಲಿಗೆ ಉಳಿಯಿತು. ಕಾಯಿದೆಯು ವಧೆಯನ್ನು ಕುರಿತು ನಿರ್ಣಯಿಸಬಲ್ಲದು. ಮೇವಿನ ವೆಚ್ಚ ಅದರಿಂದ ಇಲ್ಲವಾಗದು, ಒಬ್ಬರಿಂದ ಮತ್ತೊಬ್ಬರಿಗೆ ವರ್ಗವಾಗುತ್ತದೆ.

೬

ಕನ್ನಡಿಗರೆಲ್ಲ ಬಲ್ಲ ‘ಗೋವಿನ ಹಾಡಿ’ನಲ್ಲಿ ಪುಣ್ಯಕೋಟಿ ಹುಲಿಯಿಂದ ಬೇಡುವುದು ಕರುವಿಗೆ ಹಾಲೂಡಿಸಿ ಬರುವಷ್ಟು ಅವಧಿಯನ್ನು. ಆ ಕಥನದ ನೈತಿಕ ಕೇಂದ್ರ ಸತ್ಯವಾಕ್ಯವೆಂದು ನಾವು ಪಾಠ ಹೇಳುತ್ತೇವೆ. ಕರುವಿಗೆ ಅದರ ಪಾಲಿನ ಆಹಾರ ಸಲ್ಲಬೇಕೆಂಬ ಕಾಳಜಿ ಆ ಸತ್ಯಕ್ಕೆ ಆಧಾರವಾಗಿದೆ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಕಪ್ಪು ಎಮ್ಮೆಗಾದರೋ ಅಂಥ ಒಂದು ಹಾಡೂ ದೊರೆಯಲಿಲ್ಲ. ಆದರೆ ಮುಂಬಯಿಯ ಹಾಲಿನ ಭಾರವನ್ನು ಹೊತ್ತುದು ಅದೇ.

೧೯೭೩ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡದ ಬಹುಪಾಲು ಸಾಹಿತ್ಯವನ್ನು ಬೂಸಾ ಎಂದು ಕರೆದಾಗ ನಾಡಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಬೂಸಾ ಎಂಬ ಮಾತು ನಿಂದೆಯಾಗಿಯೇ ಎಲ್ಲರಿಗೂ ಕೇಳಿಸಿತು. ಆದರೆ ಈವರೆಗೆ ನೋಡಿದಂತೆ ಯಾವ ಪ್ರಾಣಿ ಬೆಳೆಯಬೇಕು, ಯಾವುದು ಕರುವಾಗಿಯೇ ಸಾಯಬೇಕು, ಯಾವುದು ಯಾವ ತಿಂಗಳಲ್ಲಿ ದೇವನಾರಿಗೆ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಬೂಸಾದ ಬೆಲೆಯೇ. ಚರ್ನಿಯ ಹುಲ್ಲುಗಾವಲಿಗೆ ಒಬ್ಬ ಧನಿಕನು ಹಣ ತೆತ್ತನು. ತಬೇಲಾದ ಹುಲ್ಲಿಗೆ ವಾರಲಿಯು ಕೂಲಿಯನ್ನು ತೆತ್ತನು. ಅಗ್ಗದ ಹಾಲಿಗೆ ಕರುವು ತನ್ನ ಜೀವವನ್ನು ತೆತ್ತಿತು. ದನಕರುಗಳನ್ನು ಕುರಿತ ನಮ್ಮ ಮುಂದಿನ ಅಧ್ಯಯನಗಳು ವೀರಗಲ್ಲುಗಳ ಜೊತೆಗೆ ಈ ಲೆಕ್ಕದ ಪುಸ್ತಕವನ್ನೂ ಆಕರವಾಗಿ ಸ್ವೀಕರಿಸಬೇಕಾಗಿದೆ.