ಪೇಟೆಯ ಬೀದಿಯೂ ಫಲಾಹಾರದ ಪಂಕ್ತಿಯೂ

ಕುಶಲಕರ್ಮಿಯ ಕೈಯೂ, ಮಾರಾಟಕ್ಕೆಂದು ಅಂಗಡಿಯಲ್ಲಿ ಹರಡಿಟ್ಟ ಪದಾರ್ಥವೂ ಸದಾ ಶುದ್ಧವೇ ಎಂದು ಮನುಸ್ಮೃತಿಯ ಐದನೆಯ ಅಧ್ಯಾಯವು ವಿಧಿಸುತ್ತದೆ. ಮಡಿಮೈಲಿಗೆಗಳನ್ನು ಅಷ್ಟೊಂದು ಸೂಕ್ಷ್ಮವಾಗಿ ವಿಚಾರಿಸಿದ ಗ್ರಂಥವೇ ಅಂಗಡಿಯ ಬಾಗಿಲಲ್ಲಿ ಕಟ್ಟನ್ನು ಸಡಿಲಿಸಿತು. ಹಾಗಲ್ಲದಿದ್ದರೆ ಯಾವ ಪೇಟೆಯೂ ನಡೆಯಲಾರದು. ಆದರೆ ಬೇಯಿಸಿದ ಅನ್ನಕ್ಕೆ ಈ ಸಡಿಲಿಕೆಯು ಸಲ್ಲಲಿಲ್ಲ. ಕೊಳ್ಳುವುದಕ್ಕೂ ಉಣ್ಣುವುದಕ್ಕೂ ನಡುವಣ ಈ ಅಂತರವು ಹೇಗೆ ಕಿರಿದಾಯಿತೆಂಬುದನ್ನು ಬೆಂಗಳೂರಿನ ಹಳೆಯ ಪೇಟೆಯ ಚರಿತ್ರೆಯಲ್ಲಿ ಕಾಣಬಹುದು.

ಈ ಪೇಟೆಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರಸಿದ್ಧಿಯುಂಟು. ಈಗ ಅವೆನ್ಯೂ ರಸ್ತೆಯೆನಿಸಿರುವ ದೊಡ್ಡಪೇಟೆಯ ಬೀದಿಯು ಉತ್ತರದಕ್ಷಿಣವಾಗಿಯೂ, ಚಿಕ್ಕಪೇಟೆಯ ಬೀದಿಯು ಪೂರ್ವಪಶ್ಚಿಮವಾಗಿಯೂ ಹರಿದಿವೆ. ಅವು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ಎತ್ತುಗಳನ್ನು ಹೂಡಿ ಉಳಿಸಿ ಬೀದಿಗಳನ್ನು ಗುರುತಿಸಿದರೆಂಬುದು ಐತಿಹ್ಯ. ಸುತ್ತಲಿನ ಕೇರಿಗಳಿಗೆ ಸರಕೇ ಹೆಸರಾಯಿತು: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ಇಲ್ಲವೇ ಕಸುಬಿನವರು ಹೆಸರಾದರು: ಕುಂಬಾರಪೇಟೆ, ಗಾಣಿಗರಪೇಟೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಪೇಟೆಯನ್ನು ಹಿಡಿಯಿತು; 1809ರಲ್ಲಿ ಪೂರ್ವದ ಕಡೆ ದಂಡು ನೆಲೆಗೊಂಡಿತು; 1920ರ ದಶಕದಲ್ಲಿ ಸಿದ್ದಿಕಟ್ಟೆಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ಎದ್ದಿತು. ಅರಸರು ಬದಲಾದರೂ ಬೀದಿಗಳ ಹೆಸರು ಉಳಿದುವು.

ಇಂತಹ ಬೀದಿಗಳಲ್ಲಿ ಹಗಲೆಲ್ಲ ವ್ಯಾಪಾರ ಮಾಡಿದವರು ಹಸಿವಾದಾಗ ಮಾತ್ರ ಬೇರೆಬೇರೆಯಾಗುತ್ತಿದ್ದರು. ಒಬ್ಬನು ತನ್ನವರ ಛತ್ರವನ್ನು ಹುಡುಕುವನು. ಮತ್ತೊಬ್ಬನು ಮರದಡಿ ಬುತ್ತಿಯನ್ನು ಬಿಚ್ಚುವನು. ಈ ಪದ್ಧತಿಯನ್ನು ಕದಲಿಸಿದುದು ಯಾವ ಉಪದೇಶವೂ ಅಲ್ಲ, ಹೋಟಲು. ಉಡುಪಿಯ ಕಡೆಯಿಂದ ಬಂದ ಬ್ರಾಹ್ಮಣರು ಅಡಿಗೆಯನ್ನು ಮಾಡುತ್ತಿದ್ದುದರಿಂದ ಅನ್ನದ ಶಂಕೆಯು ತೀರಿತು; ಪಂಕ್ತಿಯ ಶಂಕೆಯು ತೀರಲಿಲ್ಲ. ಆದುದರಿಂದಲೇ ಅನೇಕ ಹೋಟಲುಗಳಲ್ಲಿ ಬ್ರಾಹ್ಮಣರಿಗೆಂದು ಪ್ರತ್ಯೇಕ ಕೋಣೆಗಳಿದ್ದುವು. 1924ರಲ್ಲಿ ಆರಂಭವಾದ ಒಂದು ಪ್ರಸಿದ್ಧ ಉಪಾಹಾರ ಮಂದಿರಕ್ಕೆ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬುದೇ ಹೆಸರು. 1960ರಲ್ಲಿ ಅದು ಲಾಲ್‌ಬಾಗ್ ರಸ್ತೆಯ ಈಗಿನ ಸ್ಥಳಕ್ಕೆ ಬಂದು ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಜಾತಿಯ ಹೆಸರು ಹೋಗಿ ಊರಿನ ಹೆಸರು ಬಂದುದನ್ನು ವಾಚಕರು ಗಮನಿಸಬೇಕು.

ಈ ಎರಡು ವರ್ಷಗಳ ನಡುವೆ ಮಹತ್ತಾದ ಸಂಗತಿಯೊಂದು ನಡೆದಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ಅನುಚ್ಛೇದವು, ಅಂಗಡಿ ಹೋಟಲುಗಳಿಗೆ ಜಾತಿಮತಗಳ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಕೂಡದೆಂದು ಸಾರಿತು. ಅಲ್ಲಿ ಹೋಟಲಿನೊಡನೆ ಅಂಗಡಿಯನ್ನೂ ಹೆಸರಿಸಬೇಕಾಯಿತು. ಸ್ಮೃತಿಯು ಸರಕನ್ನು ಶುದ್ಧವೆಂದಿತೇ ಹೊರತು, ಕೊಳ್ಳಬಂದ ಎಲ್ಲರನ್ನೂ ಒಳಗೆ ಬಿಡಿರೆಂದು ಹೇಳಿರಲಿಲ್ಲ. ನಾವು ಪಾಠಶಾಲೆಯಲ್ಲಿ ಕಲಿತವರು ಇದನ್ನು ಮರೆಮಾಚಬಾರದು.

ಸುಮಾರು ಐವತ್ತು ವರ್ಷಗಳ ಹಿಂದೆ ನಮ್ಮ ಗುರುಗಳು ಹಳೆಯ ಪುಸ್ತಕಗಳನ್ನು ಕೊಳ್ಳಲು ನನ್ನನ್ನು ಅವೆನ್ಯೂ ರಸ್ತೆಗೆ ಕರೆದೊಯ್ದಿದ್ದರು. ಮಾರುವವನ ಕುಲವನ್ನು ಅವರು ವಿಚಾರಿಸಲಿಲ್ಲ. ಪುಸ್ತಕದ ಪುಟಗಳು ಪೂರ್ತಿಯಾಗಿವೆಯೇ ಎಂದಷ್ಟೇ ನೋಡಿದರು. ಮಧ್ಯಾಹ್ನ ತಾವು ವಸ್ತ್ರದ ಗಂಟಿನಿಂದ ಅವಲಕ್ಕಿಯನ್ನು ತೆಗೆದು, ನನ್ನ ಕೈಗೆ ಚಿಲ್ಲರೆಯನ್ನು ಕೊಟ್ಟು, “ನನಗೆ ಅಭ್ಯಾಸವಿಲ್ಲ. ನೀನು ಹೋಗಿ ತಿಂದು ಬಾ” ಎಂದರು. ಹಿಂದಿರುಗಿದಾಗ, “ಪಕ್ಕದಲ್ಲಿ ಯಾರು ಕುಳಿತಿದ್ದರು?” ಎಂದು ಕೇಳಿದರು. ಮೂಟೆ ಹೊರುವವರೊಬ್ಬರೆಂದೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಸಿವು ತೀರಿತೇ?” ಎಂದು ಮಾತ್ರ ಕೇಳಿದರು.

ಇಂದು ಚಿಕ್ಕಪೇಟೆಯಲ್ಲಿ ನೆಲದಡಿಯ ಮೆಟ್ರೋ ನಿಲ್ದಾಣವಿದೆ. 2017ರಿಂದ ಜನರು ನೆಲದೊಳಗಿಂದ ಎದ್ದು ಬಂದು ಸೀರೆಯನ್ನು ಕೊಂಡು, ಯಾರ ಪಕ್ಕದಲ್ಲಾದರೂ ಕುಳಿತು ದೋಸೆಯನ್ನು ತಿಂದು ಹೋಗುವರು. ಆದರೂ ಕೆಲವು ಹಳ್ಳಿಗಳ ಚಹದಂಗಡಿಗಳಲ್ಲಿ ಬೇರೆ ಲೋಟವನ್ನಿಡುವ ವಾರ್ತೆಯು ಇನ್ನೂ ಕಿವಿಗೆ ಬೀಳುತ್ತಿದೆ. ಕೆಂಪೇಗೌಡರ ಚೌಕದಿಂದ ಸಂವಿಧಾನದವರೆಗೆ ನಾನೂರಕ್ಕೂ ಹೆಚ್ಚು ವರ್ಷಗಳು ಬೇಕಾದುವು. ಆ ಲೋಟಕ್ಕೆ ಇನ್ನೆಷ್ಟು ಕಾಲ ಬೇಕೆಂಬುದು ನಮ್ಮ ನಮ್ಮ ಮನೆಗಳಲ್ಲಿ ನಿರ್ಣಯವಾಗತಕ್ಕ ವಿಷಯ.